‘ಸೊಗಸಾದ ಭಾಷೆ’ ಎಂಬ ಪ್ರವಾಸಿಯ ಮಾತು

ಹೈದರಾಬಾದಿನ ಕನ್ನಡ ಮನೆಗಳಲ್ಲಿ ಈಗ ರಜೆಯೆಂದರೆ ಹೇಳಿ ಮಾಡಿಸಿದ ರಜೆ. ಬಸ್ಸು ತುಂಬ ಜನರೊಡನೆ ಯಾತ್ರೆ ಹೊರಡುವ ಕಾಲ ಹಿಂದಾಯಿತು. ಕುಟುಂಬಕ್ಕೊಂದು ಕಾರು, ನಾಲಿಗೆಗೊಪ್ಪುವ ಅಡುಗೆ, ತಿಳಿಯುವ ಭಾಷೆಯ ಚಾಲಕ, ಬೇಕೆನಿಸಿದಷ್ಟೇ ಸ್ಥಳಗಳು. ಹಣವುಳ್ಳವರು ಸ್ಕಾಟ್ಲೆಂಡಿಗೆ, ಎಲ್‌ಟಿಸಿಯನ್ನು ನೆಚ್ಚಿದವರು ‘ಭಾರತದ ಸ್ಕಾಟ್ಲೆಂಡ್’ ಎನಿಸಿಕೊಂಡ ಕೊಡಗಿಗೆ. ಇದರಲ್ಲಿ ತಪ್ಪೇನೂ ಇಲ್ಲ. ವೃದ್ಧರನ್ನೂ ಮಕ್ಕಳನ್ನೂ ಕರೆದೊಯ್ಯುವವರಿಗೆ ಅನುಕೂಲ ಬೇಕೇ ಬೇಕು. ನಮ್ಮ ತಕರಾರು ಹಿಂದಿರುಗಿದ ಮೇಲೆ ಕೇಳಿಬರುವ ಒಂದು ಉದ್ಗಾರದ ಬಗ್ಗೆ: ‘ಅಲ್ಲಿಯವರ ಭಾಷೆ ಎಷ್ಟು ಸೊಗಸು!’

ಸೊಗಸು ಎಂಬುದು ಪ್ರವಾಸಿಯ ಪದ. ಆ ಭಾಷೆಯಲ್ಲಿ ಬದುಕಬೇಕಾಗಿಲ್ಲದವನು, ಅದನ್ನಾಡಿದ್ದಕ್ಕೆ ಶಾಲೆಯಲ್ಲಿ ಬೈಸಿಕೊಳ್ಳದವನು ಅದನ್ನು ಬಳಸುತ್ತಾನೆ. ಸ್ಕಾಟ್ಸ್ ಭಾಷೆಯ ಚರಿತ್ರೆಯೇ ಇದಕ್ಕೆ ಸಾಕ್ಷಿ. ಅದು ಗೇಲಿಕ್ ಅಲ್ಲ, ಇಂಗ್ಲಿಷಿನ ಒಡಹುಟ್ಟು. 1603ರಲ್ಲಿ ಆರನೆಯ ಜೇಮ್ಸ್ ಲಂಡನ್ನಿನ ಸಿಂಹಾಸನವನ್ನೇರುವವರೆಗೂ ಅದು ಸ್ಕಾಟ್ಲೆಂಡಿನ ಆಸ್ಥಾನದ ನುಡಿಯಾಗಿತ್ತು. 1707ರ ಒಕ್ಕೂಟದ ಬಳಿಕ ಅಲ್ಲಿನ ವಿದ್ಯಾವಂತರೇ ಅದರ ಬಗ್ಗೆ ನಾಚತೊಡಗಿದರು. ತತ್ವಜ್ಞಾನಿ ಡೇವಿಡ್ ಹ್ಯೂಮ್ ತಮ್ಮವರು ಬರೆಹದಲ್ಲಿ ವರ್ಜಿಸಬೇಕಾದ ಸ್ಕಾಟ್ ಪ್ರಯೋಗಗಳ ಪಟ್ಟಿಯನ್ನೇ ಮಾಡಿದ. 1786ರಲ್ಲಿ ರಾಬರ್ಟ್ ಬರ್ನ್ಸ್ ಅದೇ ನುಡಿಯಲ್ಲಿ ಕವಿತೆಗಳನ್ನು ಪ್ರಕಟಿಸಿದಾಗ ಜಗತ್ತು ‘ಸೊಗಸು’ ಎಂದಿತು. ಆದರೂ ಮಗುವನ್ನು ‘ಬೇರ್ನ್’ ಎನ್ನುವ, ತಿಳಿಯುವುದನ್ನು ‘ಕೆನ್’ ಎನ್ನುವ ಮಕ್ಕಳಿಗೆ ಶಾಲೆಯಲ್ಲಿ ಸಿಕ್ಕಿದ್ದು ಗದರಿಕೆಯೇ. ಕವಿಗೆ ಪ್ರತಿಮೆ, ಕವಿಯ ನುಡಿಗೆ ಛಡಿಯೇಟು!

ಈ ಅವಮಾನವನ್ನು ತಗ್ಗಿಸಿದ್ದು ಪ್ರವಾಸಿಗಳ ಮೆಚ್ಚುಗೆಯಲ್ಲ, ಎಣಿಕೆ ಮತ್ತು ಕಾನೂನು. 2011ರ ಜನಗಣತಿಯಲ್ಲಿ ಮೊದಲ ಬಾರಿಗೆ ‘ಸ್ಕಾಟ್ಸ್ ಬಲ್ಲಿರಾ’ ಎಂದು ಕೇಳಲಾಯಿತು. 15 ಲಕ್ಷಕ್ಕೂ ಹೆಚ್ಚು ಜನ ಮಾತನಾಡಬಲ್ಲೆವೆಂದರು. 2025ರಲ್ಲಿ ಸ್ಕಾಟಿಷ್ ಸಂಸತ್ತು ಕಾಯಿದೆ ಮಾಡಿ ಗೇಲಿಕ್ ಮತ್ತು ಸ್ಕಾಟ್ಸ್ ಎರಡಕ್ಕೂ ಅಧಿಕೃತ ಸ್ಥಾನ ನೀಡಿತು.

ಇನ್ನು ನಮ್ಮ ‘ಸ್ಕಾಟ್ಲೆಂಡಿ’ನತ್ತ ನೋಡೋಣ. ಮಂಜು, ಬೆಟ್ಟ, ಅಬ್ಬಿ ಜಲಪಾತ, ದುಬಾರೆಯ ಆನೆ, ತಲಕಾವೇರಿ ಎಲ್ಲವೂ ಯೋಜನೆಯಲ್ಲಿವೆ, ಭಾಷೆಯೊಂದಿಲ್ಲ. ಕಡಂಬುಟ್ಟು, ಪಂದಿಕರಿ ಎಂಬೆರಡು ಪದಗಳು ಊಟದ ಪಟ್ಟಿಯಿಂದ ನಾಲಿಗೆಗೆ ದಾಟಿದರೆ ಅದೇ ಹೆಚ್ಚು. ಕನ್ನಡ ಲಿಪಿಯಲ್ಲಿ ಪೂರ್ತಿ ಹಿಡಿಯಲಾಗದ ಸ್ವರಗಳುಳ್ಳ ಕೊಡವ ತಕ್ಕನ್ನು 2011ರ ಜನಗಣತಿಯಲ್ಲಿ ಮಾತೃಭಾಷೆಯೆಂದವರು 1,13,857 ಮಂದಿ. ಯುನೆಸ್ಕೊದ ಅಳಿವಿನಂಚಿನ ಭಾಷೆಗಳ ಪಟ್ಟಿಯಲ್ಲಿ ಅದಿದೆ. ನಮ್ಮ ಸಂವಿಧಾನದ ಎಂಟನೆಯ ಅನುಸೂಚಿಯಲ್ಲಿಲ್ಲ. ಹರದಾಸ ಅಪ್ಪಚ್ಚಕವಿ ಅದರಲ್ಲಿ ನಾಟಕಗಳನ್ನು ಬರೆದರು. ನಡಿಕೇರಿಯಂಡ ಚಿಣ್ಣಪ್ಪ ಅದರ ಹಾಡುಗಳನ್ನೂ ಆಚಾರಗಳನ್ನೂ 1924ರ ‘ಪಟ್ಟೋಲೆ ಪಳಮೆ’ಯಲ್ಲಿ ಕಾಪಿಟ್ಟರು. ಕೊಡಗಿಗೆ ಹೋಗಿಬಂದ ನಮ್ಮವರಲ್ಲಿ ಈ ಹೆಸರುಗಳನ್ನು ಬಲ್ಲವರೆಷ್ಟು?

ಕೊಡವ ತಕ್ಕ್‌ನ ಸ್ಥಿತಿ ಗೇಲಿಕ್‌ಗೆ ಹತ್ತಿರವಾದದ್ದು. ಸ್ಕಾಟ್ಸ್‌ಗೆ ಸಾಟಿ ಬೇಕೆಂದರೆ ಮಡಿಕೇರಿ, ಸುಳ್ಯದ ಗೌಡರ ಅರೆಭಾಷೆಯಿದೆ. ‘ಅದು ಕನ್ನಡವೇ, ಸ್ವಲ್ಪ ಕೆಟ್ಟದ್ದು’ ಎಂಬ ಮಾತನ್ನು ಅದೂ ಕೇಳಿಸಿಕೊಂಡಿದೆ. 2011ರಲ್ಲಿ ಅದಕ್ಕೊಂದು ಅಕಾಡೆಮಿ ಸಿಕ್ಕಿತು. ಈ ನುಡಿಗಳೆದುರು ಇಂಗ್ಲಿಷಿನ ಸ್ಥಾನದಲ್ಲಿ ನಿಂತಿರುವುದು ನಮ್ಮ ಶಿಷ್ಟ ಕನ್ನಡವೇ. ಹೈದರಾಬಾದಿನಲ್ಲಿ ಅಲ್ಪಸಂಖ್ಯಾತರಾಗಿ ಹಕ್ಕು ಕೇಳುವ ನಾವು ಮಡಿಕೇರಿಯಲ್ಲಿ ಬಹುಸಂಖ್ಯಾತರಾಗಿ ಕಿವುಡಾಗುವುದು ನ್ಯಾಯವೆ?

ಅಷ್ಟು ದೂರವೇಕೆ? ಕಾಚಿಗೂಡದಲ್ಲೇ ನಮ್ಮದೊಂದು ಸ್ಕಾಟ್ಸ್ ಇದೆ. ಕಲಬುರಗಿ, ಬೀದರ, ರಾಯಚೂರುಗಳು 1956ರವರೆಗೆ ಈ ನಗರವೇ ರಾಜಧಾನಿಯಾಗಿದ್ದ ಸಂಸ್ಥಾನದವು. ಅಲ್ಲಿಂದ ಬಂದವರ ‘ಖರೇ’, ‘ಜಲ್ದಿ’, ‘ಹ್ಯಾಂಗ’, ‘ಬರ್ಲಿಕ್ಕತ್ತೀನಿ’ಗಳು ಈ ಊರಿನ ಕನ್ನಡದ ಜೀವದ್ರವ್ಯ. ಸಿನಿಮಾ ಅದನ್ನು ನಗೆಯ ಪಾತ್ರಕ್ಕೆ ಮೀಸಲಿಟ್ಟಿದೆ. ಮನೆಯಲ್ಲಿ ತಾಯಿತಂದೆಯರು ‘ಸರಿಯಾದ ಕನ್ನಡ ಮಾತಾಡು’ ಎಂದು ಮಕ್ಕಳನ್ನು ತಿದ್ದುತ್ತಾರೆ. ತಿದ್ದಿಸಿಕೊಂಡ ಮಗು ಶಿಷ್ಟ ಕನ್ನಡಕ್ಕೆ ಬರುವುದಿಲ್ಲ, ಇಂಗ್ಲಿಷಿಗೆ ಹೋಗುತ್ತದೆ. ಎಡಿನ್‌ಬರೋದ ಟ್ಯಾಕ್ಸಿ ಚಾಲಕನ ಉಚ್ಚಾರವನ್ನು ಮೊಬೈಲಿನಲ್ಲಿ ಹಿಡಿದು ತರುವವರ ಮನೆಯಲ್ಲೇ ಅಜ್ಜಿಯ ಕಲಬುರಗಿ ಕನ್ನಡ ಅತಿಥಿಗಳೆದುರು ಬಾಯಿ ಮುಚ್ಚಿಕೊಳ್ಳುತ್ತದೆ. ಇದು ಭಾಷಾಪ್ರೇಮವಲ್ಲ.

ಮೆಚ್ಚುವುದೆಂದರೆ ದುಡಿಯುವುದು. ಬಿ.ಎಂ.ಶ್ರೀ. ಸ್ಕಾಟ್ ಕವಿ ಥಾಮಸ್ ಕ್ಯಾಂಪ್‌ಬೆಲ್‌ನ ಕಥನಗೀತೆಯನ್ನು ಓದಿ ಸೊಗಸೆಂದು ಸುಮ್ಮನಾಗಲಿಲ್ಲ. ಅಲ್ಲಿನ ನಾಯಕನನ್ನು ಗೌಡನನ್ನಾಗಿ, ಸಿರಿವಂತ ತಂದೆಯನ್ನು ಹೆಗ್ಗಡೆಯನ್ನಾಗಿ ಮಾಡಿ ‘ಕಾರಿಹೆಗ್ಗಡೆಯ ಮಗಳು’ ಎಂದು ಕನ್ನಡಕ್ಕೆ ತಂದರು.

ಹೇಳಿ ಮಾಡಿಸಿದ ರಜೆಯ ಗುಣವೇ ಕೇಳಿದ್ದು ಸಿಗುವುದು. ಹಾಗಾದರೆ ಕೇಳೋಣ. ಕೊಡವ ತಕ್ಕನ್ನೋ ಅರೆಭಾಷೆಯನ್ನೋ ಆಡುವ ಮಾರ್ಗದರ್ಶಿ ಬೇಕೆನ್ನೋಣ. ಒಂದು ಸಂಜೆಯನ್ನು ಜಲಪಾತದಿಂದ ಬಿಡಿಸಿ ಐನ್‌ಮನೆಯ ಹಿರಿಯರ ಹಾಡಿಗೆ ಕೊಡೋಣ. ಅಕಾಡೆಮಿಗಳ ಪುಸ್ತಕಗಳನ್ನು ಕೊಂಡು ತರೋಣ. ಗಿರಾಕಿ ಕೇಳದ್ದನ್ನು ಯಾವ ಏಜೆಂಟನೂ ತಾನಾಗಿ ಒದಗಿಸುವುದಿಲ್ಲ. ಊರಿಗೆ ಮರಳಿದ ಮೇಲೆ, ‘ಬರ್ಲಿಕ್ಕತ್ತೀನಿ’ ಎಂದ ಮಗುವನ್ನು ತಿದ್ದದೆ ‘ಜಲ್ದಿ ಬಾ’ ಎನ್ನೋಣ. ಇದಕ್ಕೆ ಟಿಕೆಟ್ಟೂ ಬೇಕಿಲ್ಲ, ರಜೆಯೂ ಬೇಕಿಲ್ಲ.