ತಟ್ಟೆಯಿಂದ ಬಾಯಿಯವರೆಗೆ

1841ನೇ ಇಸವಿ. ಇಂಗ್ಲೆಂಡಿನ ಟನ್‌ಬ್ರಿಜ್ ಎಂಬ ಊರಿನ ವೈದ್ಯ ವಿಲಿಯಂ ಜೇಮ್ಸ್ ವೆಸ್ಟ್ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಗೆ ಒಂದು ಪತ್ರ ಬರೆದ. ರೋಗಿ ಬೇರೆ ಯಾರೂ ಅಲ್ಲ, ಆತನದೇ ಮಗ; ಇನ್ನೇನು ವರ್ಷ ತುಂಬಲಿದ್ದ ಕೂಸು. ಮಗುವಿನ ತಲೆ ಥಟ್ಟನೆ ಮುಂದಕ್ಕೆ ಬಾಗುತ್ತಿತ್ತು, ಮತ್ತೆ ನೆಟ್ಟಗಾಗುತ್ತಿತ್ತು. ಒಂದರ ಹಿಂದೊಂದರಂತೆ ಹಲವು ಬಾರಿ. ಮೊದಮೊದಲು ಅದನ್ನೊಂದು ಆಟವೆಂದುಕೊಂಡಿದ್ದ ತಂದೆ, ಬರಬರುತ್ತ ಎಲ್ಲವನ್ನೂ ಗಮನಿಸಿ, ವಿವರವಾಗಿ ಬರೆದು, ಇತರ ವೈದ್ಯರ ಸಲಹೆ ಕೇಳಿದ. ಮಕ್ಕಳಿಗೆ ಬರುವ ಉಗ್ರ ಅಪಸ್ಮಾರಗಳಲ್ಲಿ ಒಂದಕ್ಕೆ ಇಂದು ವೆಸ್ಟ್ ಸಿಂಡ್ರೋಮ್ ಎಂದೇ ಹೆಸರು. ಆ ರೋಗದ ವಿವರ ವೈದ್ಯಲೋಕಕ್ಕೆ ಸಿಕ್ಕಿದ್ದು ಪ್ರಯೋಗಾಲಯದಿಂದಲ್ಲ, ಒಂದು ಮನೆಯಿಂದ. ಅದನ್ನು ಕಂಡದ್ದು ತಂದೆಯ ಕಣ್ಣು.

ಆ ಕಣ್ಣಿನ ಬೆಲೆ ಇಂದಿಗೂ ಕಡಿಮೆಯಾಗಿಲ್ಲ. ಮೊಬೈಲ್ ಪರದೆಯ ಮೂಲಕ ಮನೆಗೇ ಬರುತ್ತಿರುವ ಚಿಕಿತ್ಸೆಯೊಂದು ನಿಂತಿರುವುದೇ ತಂದೆತಾಯಿಯರ ಕಣ್ಣು ಮತ್ತು ಕೈಗಳ ಮೇಲೆ.

ಅಪಸ್ಮಾರ, ಅಂದರೆ ಮೂರ್ಛೆರೋಗ, ಜಗತ್ತಿನ ಸುಮಾರು 5 ಕೋಟಿ ಜನರನ್ನು ಕಾಡುತ್ತಿದೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಸರಿಯಾದ ಔಷಧ ದೊರೆತರೆ ಇವರಲ್ಲಿ ನೂರಕ್ಕೆ 70ರಷ್ಟು ಮಂದಿ ಸೆಳವಿಲ್ಲದೆ ಬದುಕಬಲ್ಲರು. ಉಳಿದವರ ಪಾಡು ಬೇರೆ. ತಕ್ಕ ಎರಡು ಔಷಧಗಳನ್ನು ಸರಿಯಾಗಿ ಕೊಟ್ಟ ಮೇಲೂ ಸೆಳವು ನಿಲ್ಲದಿದ್ದರೆ ಅದನ್ನು ಔಷಧಕ್ಕೆ ಬಗ್ಗದ ಅಪಸ್ಮಾರವೆಂದು ಪರಿಗಣಿಸುತ್ತಾರೆ. ಇಂಥ ಮಕ್ಕಳಲ್ಲಿ ಅನೇಕರಿಗೆ ಕೂರುವುದು, ಹಿಡಿಯುವುದು, ಅಗಿಯುವುದು ಎಲ್ಲವೂ ತಡ. ಕಲಿತದ್ದು ಮರೆತುಹೋಗುವುದೂ ಉಂಟು.

ಸೆಳವನ್ನು ಹತೋಟಿಗೆ ತರುವುದು ನರರೋಗ ತಜ್ಞರ ಕೆಲಸ. ಸೆಳವಿನ ನಡುವೆಯೂ ಬದುಕಲು ಕಲಿಸುವುದು ಆಕ್ಯುಪೇಷನಲ್ ಥೆರಪಿಯ ಕೆಲಸ. ಹೆಸರು ಕೇಳಿದವರು ಇದೇನೋ ನೌಕರಿಗೆ ಸಂಬಂಧಿಸಿದ್ದು ಎಂದುಕೊಳ್ಳುವುದುಂಟು. ಹಾಗಲ್ಲ. ಉಣ್ಣುವುದು, ಉಡುವುದು, ಆಡುವುದು, ಬರೆಯುವುದು, ಇವೇ ಮಗುವಿನ ‘ಉದ್ಯೋಗ’. ಭಾರತಕ್ಕೆ ಈ ವಿದ್ಯೆ ಹೊಸದೂ ಅಲ್ಲ. ಅಮೆರಿಕದಲ್ಲಿ ಹುಟ್ಟಿ ಈ ದೇಶದ ಸೊಸೆಯಾಗಿ ಬಂದ ಕಮಲಾ ನಿಂಬಕರ್ ಅವರು 1950ರಲ್ಲೇ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಇದರ ಶಾಲೆ ತೆರೆದಿದ್ದರು.

ಆದರೆ ಇದನ್ನು ಬಲ್ಲ ಚಿಕಿತ್ಸಕರು ಹೆಚ್ಚಾಗಿ ಇರುವುದು ದೊಡ್ಡ ಊರುಗಳಲ್ಲಿ. ದಿನಕ್ಕೆ ಹಲವು ಬಾರಿ ಸೆಳವು ಬರುವ ಮಗುವನ್ನು ಎತ್ತಿಕೊಂಡು ಬಸ್ಸು ಹತ್ತುವುದು ಸುಲಭದ ಮಾತೇ? ಅಪ್ಪನ ಒಂದು ದಿನದ ಕೂಲಿ ಹೋಗುತ್ತದೆ. ದಾರಿಯಲ್ಲೇ ಸೆಳವು ಬಂದರೆ, ಆಸ್ಪತ್ರೆ ತಲುಪುವ ಹೊತ್ತಿಗೆ ಮಗು ನಿದ್ದೆಗೆ ಜಾರಿರುತ್ತದೆ, ಪ್ರಯಾಣವೇ ವ್ಯರ್ಥ. 2020ರ ಕೋವಿಡ್ ಲಾಕ್‌ಡೌನ್ ಕಾಲದಲ್ಲಿ ಬೇರೆ ದಾರಿಯಿಲ್ಲದೆ ಹಲವೆಡೆ ವಿಡಿಯೊ ಕರೆಯ ಚಿಕಿತ್ಸೆ ಬಳಕೆಗೆ ಬಂತು. ಮನೆಯೇ ಒಳ್ಳೆಯ ಪಾಠಶಾಲೆ ಎಂಬುದು ಆಗ ಅನೇಕರಿಗೆ ಮನದಟ್ಟಾಯಿತು.

ಊಟದ ಉದಾಹರಣೆಯನ್ನೇ ನೋಡಬಹುದು. ಆರು ವರ್ಷದ ಮಗು; ತುತ್ತು ತಾನೇ ಎತ್ತಲಾರದು. ಚಿಕಿತ್ಸಕರು ಪರದೆಯಲ್ಲಿ ಮೊದಲು ನೋಡುವುದು ಕೈಯನ್ನಲ್ಲ, ಕುಳಿತ ಭಂಗಿಯನ್ನು. ಕಾಲು ಜೋಲಾಡುತ್ತಿದ್ದರೆ ಕೆಳಗೊಂದು ಮಣೆ ಇಡಿಸುತ್ತಾರೆ. ಬೆನ್ನಿಗೆ ಗೋಡೆಯ ಮೂಲೆಯ ಆಸರೆ ಕೊಡಿಸುತ್ತಾರೆ. ತಟ್ಟೆ ಜಾರುತ್ತಿದ್ದರೆ ಅಡಿಯಲ್ಲಿ ಒದ್ದೆ ಬಟ್ಟೆ. ಆಮೇಲೆ ಪಾಠ. ಅಮ್ಮ ಮಗುವಿನ ಕೈಗೆ ತುತ್ತು ಕೊಟ್ಟು, ಮಣಿಕಟ್ಟು ಹಿಡಿದು ಬಾಯಿಯ ಹತ್ತಿರದವರೆಗೆ ಒಯ್ದು ಬಿಡುತ್ತಾಳೆ. ಕೊನೆಯ ಎರಡು ಬೆರಳಗಲದ ದೂರ ಮಾತ್ರ ಮಗುವಿನದು. ಅದು ರೂಢಿಯಾದ ಮೇಲೆ ಗೇಣುದ್ದ. ಆಮೇಲೆ ತಟ್ಟೆಯಿಂದ ಬಾಯಿಯವರೆಗೆ. ಹೀಗೆ ಕೊನೆಯಿಂದ ಕಲಿಸುವುದರಿಂದ ಪ್ರತಿಸಲವೂ ಮಗುವಿಗೆ ಗೆದ್ದ ಸಂತೋಷ ಸಿಗುತ್ತದೆ. ಅಂಗಿ ತೊಡಿಸುವುದಕ್ಕೂ ಇದೇ ಕ್ರಮ.

ಇಲ್ಲಿ ಎಲ್ಲಕ್ಕಿಂತ ಕಷ್ಟದ ಪಾಠ ಮಗುವಿಗಲ್ಲ, ಅಮ್ಮನಿಗೆ. ಸುಮ್ಮನೆ ಕಾಯುವ ಪಾಠ ಅದು. ಸೆಳವು ಬಂದೀತೆಂಬ ಭಯ, ಮಗು ಹಸಿದೀತೆಂಬ ಮರುಕ ಎರಡೂ ಸೇರಿ ಮನೆಯವರು ಎಲ್ಲವನ್ನೂ ತಾವೇ ಮಾಡಿಬಿಡುತ್ತಾರೆ. ಪ್ರೀತಿಯೇ ಮಗುವಿನ ಕೈ ಕಟ್ಟುತ್ತದೆ. ಚಿಕಿತ್ಸಕರು ಬರುವುದು ವಾರಕ್ಕೊಮ್ಮೆ, ಮುಕ್ಕಾಲು ಗಂಟೆ; ಊಟ ದಿನಕ್ಕೆ ಮೂರು ಹೊತ್ತು. ಆ ಮೂರು ಹೊತ್ತೂ ಅಭ್ಯಾಸ ನಡೆಸುವವರು ಮನೆಯವರೇ.

ಪರದೆಗೆ ಮಿತಿಗಳೂ ಇವೆ. ಸ್ನಾಯುಗಳ ಬಿಗುವನ್ನು ಕೈಯಿಂದ ಮುಟ್ಟಿಯೇ ತಿಳಿಯಬೇಕು. ನುಂಗುವಾಗ ಕೆಮ್ಮುವ, ಉಸಿರು ಕಟ್ಟುವ ಮಗುವನ್ನು ಮೊದಲು ಆಸ್ಪತ್ರೆಯಲ್ಲಿ ತಜ್ಞರಿಗೆ ತೋರಿಸಲೇಬೇಕು. ಸೆಳವು ಬಂದು ಮಂಪರಿನಲ್ಲಿರುವ ಮಗುವಿಗೆ ಅಭ್ಯಾಸವೂ ಬೇಡ, ಆಹಾರವೂ ಬೇಡ. ಪೂರ್ತಿ ಎಚ್ಚರವಾಗುವವರೆಗೆ ಕಾಯಬೇಕು. ಕೆಲವು ಮಕ್ಕಳಿಗೆ ಮಿನುಗುವ ಬೆಳಕಿನಿಂದಲೇ ಸೆಳವು ಬರುವುದುಂಟು; ಅಂಥವರ ವಿಷಯದಲ್ಲಿ ಪರದೆಯನ್ನು ಅಮ್ಮನ ಕಡೆ ತಿರುಗಿಸಿಟ್ಟರೂ ಪಾಠ ನಡೆಯುತ್ತದೆ. ಇನ್ನು, ಈ ಚಿಕಿತ್ಸೆ ಸೆಳವನ್ನು ನಿಲ್ಲಿಸುವುದಿಲ್ಲ. ಇದನ್ನು ನಂಬಿ ಮಾತ್ರೆ ಬಿಡುವುದು ಅಪಾಯ.

ಪಾಠದ ಮಧ್ಯೆಯೇ ಸೆಳವು ಬಂದರೆ? ಮನೆಯ ವಿಳಾಸ, ಹತ್ತಿರದ ಆಸ್ಪತ್ರೆ, ಇನ್ನೊಬ್ಬರ ಫೋನ್ ನಂಬರು ಚಿಕಿತ್ಸಕರ ಬಳಿ ಮೊದಲೇ ಇರಬೇಕು. ಮಗುವನ್ನು ಮಗ್ಗುಲಿಗೆ ಮಲಗಿಸಿ ಗಡಿಯಾರ ನೋಡಬೇಕು. ಕೈಗೆ ಕಬ್ಬಿಣ, ಮೂಗಿಗೆ ಈರುಳ್ಳಿ, ಬಾಯಿಗೆ ಚಮಚ, ಯಾವುದೂ ಬೇಡ. ಮೂಗಿಗೆ ಸಿಂಪಡಿಸುವ ತುರ್ತು ಔಷಧವನ್ನು ವೈದ್ಯರು ಬರೆದುಕೊಟ್ಟಿದ್ದರೆ ಅವರು ಹೇಳಿದಂತೆ ಕೊಡಬೇಕು. ಐದು ನಿಮಿಷ ಮೀರಿದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಈ ನಾಲ್ಕು ಮಾತು ಮನೆಯ ಅಣ್ಣ ಅಕ್ಕಂದಿರಿಗೂ ತರಗತಿಯ ಗೆಳೆಯರಿಗೂ ಬಾಯಿಪಾಠವಾಗಿರಬೇಕು.

ಒಂದು ನೋಟ್‌ಪುಸ್ತಕವೂ ಬೇಕು. ಸೆಳವು ಬಂದ ಹೊತ್ತು, ಅದು ಇದ್ದಷ್ಟು ಕಾಲ, ನಿದ್ದೆ, ಮಾತ್ರೆ, ಹೊಸದಾಗಿ ಕಲಿತದ್ದು, ಕಳೆದುಕೊಂಡದ್ದು ಎಲ್ಲವೂ ಅದರಲ್ಲಿರಲಿ. ಬರುತ್ತಿದ್ದ ಕೆಲಸ ಥಟ್ಟನೆ ನಿಂತರೆ ಅದು ಮಗುವಿನ ಸೋಮಾರಿತನವಲ್ಲ. ವೈದ್ಯರಿಗೆ ಕೂಡಲೇ ತಿಳಿಸಬೇಕಾದ ಸುದ್ದಿ. ಪುಸ್ತಕ ಬರೆಯುವ ಕೆಲಸವನ್ನು ಓದುವ ಅಕ್ಕನಿಗೋ ಅಣ್ಣನಿಗೋ ಒಪ್ಪಿಸಬಹುದು. ತಂಗಿಯ ಬದುಕಿನಲ್ಲಿ ತನಗೂ ಒಂದು ಪಾಲಿದೆ ಎಂದು ಆ ಮಗುವಿಗೂ ಅನ್ನಿಸುತ್ತದೆ.

ತಟ್ಟೆಯಿಂದ ಬಾಯಿಗೆ ಒಂದು ಮೊಳ ದೂರ. ಉಳಿದ ಮಕ್ಕಳು ಅದನ್ನು ಯಾರ ಗಮನಕ್ಕೂ ಬಾರದಂತೆ ದಾಟಿಬಿಡುತ್ತಾರೆ. ಈ ಮಕ್ಕಳಿಗೆ ತಿಂಗಳುಗಳೇ ಹಿಡಿಯಬಹುದು. ಕೆಲವರು ಅರ್ಧ ದಾರಿಯಲ್ಲೇ ನಿಲ್ಲಲೂಬಹುದು. ಆದರೆ ತಾನೇ ಎತ್ತಿ ತಿಂದ ಒಂದು ತುತ್ತು ಆ ಮಗುವಿನ ಸ್ವಂತ ಸಂಪಾದನೆ. ಅದನ್ನು ನೋಡಲು ಅಮ್ಮ ತನ್ನ ಕೈಯನ್ನು ಸ್ವಲ್ಪ ಹಿಂದಕ್ಕೆ ತೆಗೆಯಬೇಕು, ಅಷ್ಟೆ.