ಮೊಣಕೈಗೆ ಬೆಲ್ಲ, ಜೇಬಿಗೆ ಕತ್ತರಿ

ಹಳೆಯ ಕಾಲದ ಲೇವಾದೇವಿ ಸಾಹುಕಾರನನ್ನು ನಾವು ಎಂದೂ ಹೊಗಳಿದವರಲ್ಲ. ಆದರೂ ಅವನ ವಿಷಯದಲ್ಲಿ ಒಂದು ಮಾತು ಹೇಳಲೇಬೇಕು. ನೂರಕ್ಕೆ ತಿಂಗಳಿಗೆ ಎಷ್ಟು ಬಡ್ಡಿ ಎಂಬುದನ್ನು ಅವನು ದುಡ್ಡು ಎಣಿಸಿಕೊಡುವ ಮೊದಲೇ ಬಾಯಿಬಿಟ್ಟು ಹೇಳುತ್ತಿದ್ದ, ಅದೂ ಸಾಲಗಾರನಿಗೆ ತಿಳಿಯುವ ಭಾಷೆಯಲ್ಲಿ. ಇಂದು ಆ ಸಾಹುಕಾರನ ಗಾದಿಯ ಮೇಲೆ ಗಾಜಿನ ಬಾಗಿಲಿನ ಬ್ಯಾಂಕು ಕುಳಿತಿದೆ. ತಾನು ಕೊಡುವ ಅಷ್ಟಿಷ್ಟನ್ನು ಅದು ಊರಿಗೆಲ್ಲ ಡಂಗುರ ಹೊಡೆದು ಸಾರುತ್ತದೆ. ತಾನು ಕಿತ್ತುಕೊಳ್ಳುವುದನ್ನು ಇರುವೆ ಸಾಲಿನಂಥ ಅಕ್ಷರದಲ್ಲಿ, ಇಂಗ್ಲಿಷಿನಲ್ಲಿ, ಯಾರೂ ತಿರುವದ ಪುಟದಲ್ಲಿ ಅಡಗಿಸಿಡುತ್ತದೆ. ಕ್ರೆಡಿಟ್ ಕಾರ್ಡೆಂಬ ಈ ಹೊಸ ಲೇವಾದೇವಿಯ ಲೆಕ್ಕವನ್ನು ನಮ್ಮ ಗಿರಣಿಯ ಬಂಧುಗಳ ಮುಂದೆಯೂ ಪೇಟೆಯ ಸಣ್ಣ ವ್ಯಾಪಾರಿಗಳ ಮುಂದೆಯೂ ಈ ವಾರ ಬಿಚ್ಚಿಡುತ್ತೇವೆ.

ಈ ಲೆಕ್ಕಕ್ಕೆ ನಾವು ಕೈಹಾಕಿದ್ದು ಒಂದು ಕಾರಣದಿಂದ. ಪೇಟೆಯ ಬಟ್ಟೆ ವ್ಯಾಪಾರಿಯೊಬ್ಬರು ಪತ್ನಿಯೊಡನೆ ಮಕ್ಕಾಕ್ಕೆ ಉಮ್ರಾ ಯಾತ್ರೆ ಮುಗಿಸಿ ಬಂದಿದ್ದರು. ಬಂದ ತಿಂಗಳಲ್ಲೇ ಕಾರ್ಡಿನ ಬಿಲ್ಲು ಹಿಡಿದು ನಮ್ಮ ಕಚೇರಿಯ ಮೆಟ್ಟಿಲು ಹತ್ತಿದರು. “ಮೇಷ್ಟ್ರೇ, ನೀವು ಮಕ್ಕಳಿಗೆ ಲೆಕ್ಕ ಕಲಿಸಿದೋರು. ನಾನು ಅಲ್ಲಿ ಖರ್ಚು ಮಾಡಿದ್ದು ಐವತ್ತು ಸಾವಿರದ ಹತ್ತಿರ. ಇವರು ಅದರ ಮೇಲೆ ಇನ್ನೂ ಎರಡು ಸಾವಿರ ಬರೆದವರೆ. ಆ ಎರಡು ಸಾವಿರ ಯಾವ ಅಂಗಡಿಗೆ ಹೋಯ್ತು, ಹೇಳಿ” ಎಂದರು.

ಯಾವ ಅಂಗಡಿಗೂ ಹೋಗಿರಲಿಲ್ಲ. ಕಾರ್ಡು ಕೊಟ್ಟ ಬ್ಯಾಂಕೇ ಅದನ್ನು ನುಂಗಿತ್ತು. ಪರದೇಶದ ನಾಣ್ಯದಲ್ಲಿ ಖರ್ಚು ಮಾಡಿದರೆ ಅದನ್ನು ರೂಪಾಯಿಗೆ ಇಳಿಸುವಾಗ ಬ್ಯಾಂಕು ತನ್ನದೊಂದು ಪಾಲು ಸೇರಿಸುತ್ತದೆ. ಅವರ ಭಾಷೆಯಲ್ಲಿ ಅದಕ್ಕೆ ಮಾರ್ಕ್‌ಅಪ್ ಎಂದು ಹೆಸರು. ನಮ್ಮ ದೇಶದ ಬಹುಪಾಲು ಸಾಮಾನ್ಯ ಕಾರ್ಡುಗಳಲ್ಲಿ ಅದು ಶೇ. 3.5. ಅದರ ಮೇಲೆ ಶೇ. 18 ಜಿಎಸ್‌ಟಿ. 50,000 ರೂಪಾಯಿಗೆ ಮಾರ್ಕ್‌ಅಪ್ 1,750 ರೂ., ತೆರಿಗೆ 315 ರೂ., ಒಟ್ಟು 2,065 ರೂ. ನೂರಕ್ಕೆ 4 ರೂಪಾಯಿ 13 ಪೈಸೆ! ರಿಯಾಲನ್ನು ರೂಪಾಯಿಗೆ ಇಳಿಸುವ ದರವನ್ನು ವೀಸಾ, ಮಾಸ್ಟರ್‌ಕಾರ್ಡಿನಂಥ ಕಂಪನಿಗಳು ಮೊದಲೇ ಗೊತ್ತುಮಾಡಿರುತ್ತವೆ. ಅದರ ಮೇಲೆ ಬ್ಯಾಂಕು ಎತ್ತುವ ಸುಂಕ ಇದು.

ಆ ಯಾತ್ರಿಕರು ಇನ್ನೊಂದು ಸಂಗತಿ ನೆನಪು ಮಾಡಿಕೊಂಡರು. ಅಲ್ಲಿನ ಅಂಗಡಿಯೊಂದರಲ್ಲಿ ಕಾರ್ಡಿನ ಯಂತ್ರವು “ರೂಪಾಯಿಯೋ, ರಿಯಾಲೋ?” ಎಂದು ಕೇಳಿತಂತೆ. ಗೊತ್ತಿರುವ ನಾಣ್ಯ ರೂಪಾಯಿ ತಾನೆ? ಅದನ್ನೇ ಒತ್ತಿದರಂತೆ. ಬಲೆ ಇರುವುದು ಅಲ್ಲೇ. ರೂಪಾಯಿ ಒತ್ತಿದ ಕೂಡಲೇ ವಿನಿಮಯದ ದರ ಗೊತ್ತುಮಾಡುವ ಅಧಿಕಾರ ಆ ಅಂಗಡಿಯ ಕಡೆಯವರ ಕೈಗೆ ಹೋಗುತ್ತದೆ. ಅವರು ತಮ್ಮ ಲಾಭವನ್ನು ದರದೊಳಗೇ ಹೂತು ಹಾಕುತ್ತಾರೆ. ಅಷ್ಟಾದ ಮೇಲೆ ಇಲ್ಲಿನ ಹಲವು ಬ್ಯಾಂಕುಗಳು “ಪರದೇಶದಲ್ಲಿ ರೂಪಾಯಿ ವ್ಯವಹಾರ” ಎಂಬ ನೆಪ ಹೂಡಿ ಮತ್ತೆ ಶೇ. 1 ಮತ್ತು ತೆರಿಗೆ ವಸೂಲು ಮಾಡುತ್ತವೆ. ಒಂದೇ ಕುರಿಯ ಉಣ್ಣೆಯನ್ನು ಇಬ್ಬರು ಕತ್ತರಿಸುವ ಏರ್ಪಾಡು ಇದು.

“ನಾವು ಊರ ಗಡಿ ದಾಟಿದವರಲ್ಲ, ನಮಗೇಕೆ ಈ ಚಿಂತೆ?” ಎಂದು ಕೇಳುವವರೂ ಉಂಟು. ಗಡಿ ದಾಟಬೇಕಾಗಿಲ್ಲ, ಬಂಧುಗಳೇ. ಗಿರಣಿ ಕಾರ್ಮಿಕನ ಮಗಳು ಪರದೇಶದ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಿ ಶುಲ್ಕವನ್ನು ಡಾಲರಿನಲ್ಲಿ ಕಟ್ಟಿದರೂ ಇದೇ ಸುಂಕ. ಅಂಗಡಿಯ ಮಗ ಮೊಬೈಲಿನಲ್ಲಿ ಯಾವುದೋ ಸೇವೆಗೆ ತಿಂಗಳ ಚಂದಾ ಕಟ್ಟಿದಾಗ, ಬೆಲೆ ರೂಪಾಯಿಯಲ್ಲೇ ಇದ್ದರೂ, ಹಣ ಪಡೆಯುವ ಕಂಪನಿ ಪರದೇಶದಲ್ಲಿ ನೋಂದಣಿಯಾಗಿದ್ದರೆ ಹಲವು ಬ್ಯಾಂಕುಗಳು ಆ ಶೇ. 1ನ್ನು ಬಿಡುವುದಿಲ್ಲ. ಕಂಪನಿ ಎಲ್ಲಿ ನೋಂದಣಿಯಾಗಿದೆ ಎಂದು ಕೊಳ್ಳುವವನು ಹೇಗೆ ತಿಳಿಯಬೇಕು? ಬ್ಯಾಂಕು ಹೇಳುವುದಿಲ್ಲ, ಬಿಲ್ಲು ಬಂದಾಗಲೇ ಗೊತ್ತಾಗುವುದು.

ಇಷ್ಟೆಲ್ಲ ಕೊಟ್ಟವನಿಗೆ ಬ್ಯಾಂಕು ಬಹುಮಾನವನ್ನೂ ಕೊಡುತ್ತದಲ್ಲ, ಅದೇ ರಿವಾರ್ಡ್ ಪಾಯಿಂಟು! ಅದನ್ನೂ ತಕ್ಕಡಿಗೆ ಹಾಕೋಣ. 150 ರೂಪಾಯಿಗೆ ಒಂದು ಪಾಯಿಂಟು, ನಾಲ್ಕು ಪಾಯಿಂಟು ಸೇರಿದರೆ ಒಂದು ರೂಪಾಯಿ ಎಂಬ ಕಾರ್ಡೊಂದನ್ನು ಉದಾಹರಣೆಗೆ ತೆಗೆದುಕೊಳ್ಳಿ. ಸಾಮಾನ್ಯರ ಕೈಗೆ ಸಿಗುವ ಕಾರ್ಡುಗಳು ಹೆಚ್ಚು ಕಡಿಮೆ ಈ ಅಳತೆಯವೇ. 50,000 ರೂ. ಖರ್ಚಿಗೆ 333 ಪಾಯಿಂಟು, ಅಂದರೆ 83 ರೂಪಾಯಿ 25 ಪೈಸೆ. ಆ ಪಾಯಿಂಟನ್ನು ಬಿಡಿಸಿಕೊಳ್ಳುವುದಕ್ಕೂ ಹಲವು ಬ್ಯಾಂಕುಗಳು 99 ರೂ. ಶುಲ್ಕ ಇಟ್ಟಿವೆ; ತೆರಿಗೆ ಸೇರಿ 116 ರೂಪಾಯಿ 82 ಪೈಸೆ. 2,065 ರೂ. ಸುಂಕ ತೆತ್ತವನು 83 ರೂಪಾಯಿ ಬಹುಮಾನ ಪಡೆಯಲು 116 ರೂಪಾಯಿ ಕೊಡಬೇಕು! ನಾವು ಶಾಲೆಯಲ್ಲಿದ್ದಾಗ ಇಂಥ ಲೆಕ್ಕವನ್ನು ಕಪ್ಪು ಹಲಗೆಯ ಮೇಲೆ ಬರೆದಿದ್ದರೆ ಐದನೆಯ ತರಗತಿಯ ಹುಡುಗರು ನಕ್ಕುಬಿಡುತ್ತಿದ್ದರು. ಮೊಣಕೈಗೆ ಬೆಲ್ಲ ಹಚ್ಚಿ ನೆಕ್ಕಲು ಹೇಳುವುದೆಂದರೆ ಇದೇ ಅಲ್ಲವೇ?

ಆ ಬೆಲ್ಲವಾದರೂ ಯಾರ ಮನೆಯದು? ವ್ಯಾಪಾರಿ ಬಂಧುಗಳು ಇದನ್ನು ಗಮನವಿಟ್ಟು ಓದಬೇಕು. ನಿಮ್ಮ ಅಂಗಡಿಯಲ್ಲಿ ಗಿರಾಕಿ ಕ್ರೆಡಿಟ್ ಕಾರ್ಡು ಉಜ್ಜಿದರೆ ಬ್ಯಾಂಕು ನಿಮ್ಮಿಂದ ಶೇ. 2ರ ಆಸುಪಾಸು ಹಿಡಿದುಕೊಳ್ಳುತ್ತದೆ. ಶೇ. 2ರಂತೆ 1,500 ರೂ. ಮಾರಾಟಕ್ಕೆ 30 ರೂ. ನಿಮ್ಮ ಗಲ್ಲದಿಂದ ಹೋಯಿತು. ಗಿರಾಕಿಗೆ ಸಿಕ್ಕಿದ್ದು ಹತ್ತು ಪಾಯಿಂಟು, ಎರಡೂವರೆ ರೂಪಾಯಿ. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ! ಜಾತ್ರೆಯ ಕೀರ್ತಿ ಬ್ಯಾಂಕಿಗೆ, ಖರ್ಚು ದಿನಸಿ ಅಂಗಡಿಗೆ. ಡೆಬಿಟ್ ಕಾರ್ಡಿನ ವಿಷಯದಲ್ಲಿ ರಿಜರ್ವ್ ಬ್ಯಾಂಕು 2018ರ ಜನವರಿಯಿಂದ ಈ ಕಡಿತಕ್ಕೆ ಮಿತಿ ಹಾಕಿತು. ವರ್ಷಕ್ಕೆ 20 ಲಕ್ಷದವರೆಗೆ ವಹಿವಾಟಿರುವ ಸಣ್ಣ ಅಂಗಡಿಗೆ ಶೇ. 0.40 ಮೀರಬಾರದೆಂದಿತು. 2020ರ ಜನವರಿಯಿಂದ ಯುಪಿಐ ಮತ್ತು ರುಪೇ ಡೆಬಿಟ್ ಕಾರ್ಡಿಗೆ ಕಡಿತವೇ ಇಲ್ಲವೆಂದಾಯಿತು. ಕ್ರೆಡಿಟ್ ಕಾರ್ಡಿಗೆ ಮಾತ್ರ ಅಂಥ ಮಿತಿ ಹಾಕಲಿಲ್ಲ. ಲಾಭದ ಹೊಲಕ್ಕೆ ಬೇಲಿ ಹಾಕಲು ಸರ್ಕಾರಕ್ಕೆ ಕೈ ಏಳಲಿಲ್ಲ.

ಜಾತ್ರೆಯ ಉಳಿದ ಖರ್ಚು ಬಡ್ಡಿ ಕಟ್ಟುವವನದು. ಗಿರಣಿಯ ಸಂಬಳದ ಖಾತೆಗೆ ಜೋತುಬಿದ್ದು ಬರುವ ಕಾರ್ಡು ಇದೆಯಲ್ಲ, ಅದರಲ್ಲಿ “ಕನಿಷ್ಠ ಮೊತ್ತ ಕಟ್ಟಿದರೆ ಸಾಕು” ಎಂದು ಬರೆದಿರುತ್ತದೆ. ಸಾಕು ಎಂಬುದು ಬ್ಯಾಂಕಿಗೆ, ನಮಗಲ್ಲ. ಉಳಿದ ಬಾಕಿಗೆ ತಿಂಗಳಿಗೆ ಶೇ. 3.5 ಬಡ್ಡಿಯೆಂದರೆ ವರ್ಷಕ್ಕೆ ಶೇ. 42. 20,000 ರೂ. ಬಾಕಿಗೆ ತಿಂಗಳಿಗೆ 700 ರೂ., ಬಡ್ಡಿಯ ಮೇಲೂ ಜಿಎಸ್‌ಟಿ 126 ರೂ. ಶೇ. 30 ಮೀರಿದ ಬಡ್ಡಿ ಅನುಚಿತ ವ್ಯಾಪಾರ ಪದ್ಧತಿಯೆಂದು ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ತೀರ್ಪು ಕೊಟ್ಟಿತ್ತು. ಹದಿನಾರು ವರ್ಷಗಳ ಮೇಲೆ, 2024ರ ಡಿಸೆಂಬರ್ 20ರಂದು, ಸುಪ್ರೀಂ ಕೋರ್ಟು ಆ ತೀರ್ಪನ್ನು ರದ್ದುಪಡಿಸಿತು. ಬಡ್ಡಿಯ ವಿಷಯ ರಿಜರ್ವ್ ಬ್ಯಾಂಕಿಗೆ ಸೇರಿದ್ದೆಂದಿತು. ಹಾಗಾದರೆ ರಿಜರ್ವ್ ಬ್ಯಾಂಕನ್ನೇ ಕೇಳುವುದು ನಮ್ಮ ಕರ್ತವ್ಯವಾಯಿತು.

ಇನ್ನು ಬೆಲ್ಲದ ಅಚ್ಚು ವರ್ಷ ವರ್ಷ ಸಣ್ಣದಾಗುತ್ತಿರುವ ಸಂಗತಿ. ಮೊದಲು ಕಾರ್ಡು ಕೊಳ್ಳಿಸುವಾಗ ಎಲ್ಲದಕ್ಕೂ ಪಾಯಿಂಟು. ಜನ ರೂಢಿಯಾದ ಮೇಲೆ ಕತ್ತರಿ ಹೊರಗೆ ಬರುತ್ತದೆ. 2024ರಲ್ಲಿ ಹಲವು ಬ್ಯಾಂಕುಗಳು ಮನೆ ಬಾಡಿಗೆಗೆ ಪಾಯಿಂಟು ನಿಲ್ಲಿಸಿದವು, ವಿದ್ಯುತ್ ಬಿಲ್ಲಿನಂಥ ಪಾವತಿಗಳ ಪಾಯಿಂಟಿಗೆ ಮಿತಿ ಹಾಕಿದವು. ಉಳ್ಳವರಿಗೂ ಬಿಡಲಿಲ್ಲ. ಆಕ್ಸಿಸ್ ಬ್ಯಾಂಕಿನ ಮ್ಯಾಗ್ನಸ್ ಕಾರ್ಡಿನ ವಾರ್ಷಿಕ ಶುಲ್ಕ 2023ರ ಸೆಪ್ಟೆಂಬರಿನಿಂದ 10,000ದಿಂದ 12,500 ರೂಪಾಯಿಗೆ ಏರಿತು. ತಿಂಗಳಿಗೆ ಲಕ್ಷ ಖರ್ಚು ಮಾಡಿದವರಿಗೆ ಕೊಡುತ್ತಿದ್ದ 25,000 ಪಾಯಿಂಟು ನಿಂತಿತು. 5 ಪಾಯಿಂಟಿಗೆ ವಿಮಾನದ 4 ಮೈಲಿ ಸಿಗುತ್ತಿದ್ದುದು 2ಕ್ಕೆ ಇಳಿಯಿತು. ಲಕ್ಷಾಧೀಶನ ಪಾಯಿಂಟಿಗೇ ಈ ಗತಿಯಾದರೆ ಗಿರಣಿಯವನ ಪಾಯಿಂಟನ್ನು ಕಾಯುವವರು ಯಾರು? ಆ ಲಕ್ಷಾಧೀಶರಿಗಾಗಿ ನಾವು ಕಣ್ಣೀರಿಡುವುದಿಲ್ಲ. ಆದರೆ ಒಂದು ಪ್ರಶ್ನೆ ಎಲ್ಲರಿಗೂ ಸೇರಿದ್ದು: ಖರ್ಚು ಮಾಡಿ ಗಳಿಸಿ ಇಟ್ಟುಕೊಂಡ ಪಾಯಿಂಟಿನ ಬೆಲೆಯನ್ನು ಬ್ಯಾಂಕು ತನ್ನಷ್ಟಕ್ಕೆ ತಾನೇ ಇಳಿಸಬಹುದೇ? ಕೂಲಿಕಾರ ದುಡಿದ ಮೇಲೆ ಧಣಿ ಕೂಲಿಯ ದರ ಇಳಿಸಿದರೆ ಅದನ್ನು ನಾವು ಏನೆಂದು ಕರೆಯುತ್ತೇವೆ?

ಬ್ಯಾಂಕಿನ ವಕೀಲರು ಹೇಳುತ್ತಾರೆ: “ಪರದೇಶದ ವ್ಯವಹಾರಕ್ಕೆ ಖರ್ಚಿದೆ, ಶುಲ್ಕ ಅನಿವಾರ್ಯ. ಒಪ್ಪದವರು ಕಾರ್ಡು ಇಟ್ಟುಕೊಳ್ಳದಿರಲಿ. ಷರತ್ತುಗಳನ್ನು ಅಚ್ಚು ಮಾಡಿಯೇ ಕೊಟ್ಟಿದ್ದೇವೆ.” ಖರ್ಚು ಇಲ್ಲವೆಂದು ನಾವೂ ಹೇಳುವುದಿಲ್ಲ. ಆದರೆ ಇದೇ ದೇಶದಲ್ಲಿ ಕೆಲವು ಕಾರ್ಡುಗಳಲ್ಲಿ ಮಾರ್ಕ್‌ಅಪ್ ಶೇ. 2, ಕೆಲವದರಲ್ಲಿ ಸೊನ್ನೆ. ಸೊನ್ನೆಗೆ ಆಗುವ ಕೆಲಸಕ್ಕೆ ಇನ್ನೊಬ್ಬನಿಂದ ಮೂರೂವರೆ ಕೇಳುವುದು ಖರ್ಚಿನ ಲೆಕ್ಕವೋ, ಅರಿಯದವನ ಮೇಲಿನ ದಂಡವೋ? ಇನ್ನು ಅಚ್ಚಾದ ಷರತ್ತು. ರಿಜರ್ವ್ ಬ್ಯಾಂಕು 2022ರಲ್ಲಿ ಹೊರಡಿಸಿದ ನಿರ್ದೇಶನದಲ್ಲಿ ಷರತ್ತುಗಳು ಸರಳ ಭಾಷೆಯಲ್ಲಿ, “ಮೇಲಾಗಿ” ಇಂಗ್ಲಿಷ್, ಹಿಂದಿ ಮತ್ತು ಸ್ಥಳೀಯ ಭಾಷೆಯಲ್ಲಿ ಇರಬೇಕೆಂದು ಹೇಳಿತು. ಆ “ಮೇಲಾಗಿ” ಎಂಬ ಒಂದು ಪದದ ಸಂದಿಯಿಂದ ಕನ್ನಡ ಹೊರಕ್ಕೆ ಜಾರಿತು. ಓದಲಾಗದ ಕಾಗದಕ್ಕೆ ಹಾಕಿಸಿಕೊಂಡ ರುಜುವನ್ನು ಒಪ್ಪಿಗೆ ಎನ್ನುವುದಾದರೆ ಕೋರಾ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡ ಸಾಹುಕಾರನೂ ಸತ್ಯವಂತನೇ.

ಬೇರೆ ದಾರಿಯೇ ಇಲ್ಲವೆನ್ನುವವರು ಯುರೋಪಿನತ್ತ ಕಣ್ಣು ಹಾಯಿಸಲಿ. ಅಂಗಡಿಯ ಕಡಿತದಲ್ಲಿ ಕಾರ್ಡು ಕೊಟ್ಟ ಬ್ಯಾಂಕಿಗೆ ಹೋಗುವ ಪಾಲನ್ನು ಯುರೋಪಿಯನ್ ಒಕ್ಕೂಟ 2015ರ ಡಿಸೆಂಬರಿನಿಂದ, ಸಾಮಾನ್ಯ ಬಳಕೆದಾರರ ಕ್ರೆಡಿಟ್ ಕಾರ್ಡಿಗೆ, ಶೇ. 0.3ಕ್ಕೆ ಕಟ್ಟಿಹಾಕಿತು. ಅಂಗಡಿಯ ಯಂತ್ರ ನಾಣ್ಯ ಬದಲಿಸುವ ಮುನ್ನ, ಯುರೋಪಿನ ಕೇಂದ್ರ ಬ್ಯಾಂಕಿನ ದರಕ್ಕಿಂತ ಶೇಕಡಾ ಎಷ್ಟು ಹೆಚ್ಚು ಕೇಳುತ್ತಿದೆ ಎಂಬುದನ್ನು ತೋರಿಸಲೇಬೇಕೆಂದು 2020ರ ಏಪ್ರಿಲಿನಿಂದ ಕಾನೂನು ಮಾಡಿತು. ಅವು ಬಂಡವಾಳಶಾಹಿ ದೇಶಗಳೇ. ಅಲ್ಲಿಯ ಬ್ಯಾಂಕುಗಳೇನೂ ಇದರಿಂದ ಬಾಗಿಲು ಮುಚ್ಚಲಿಲ್ಲ.

ಅಷ್ಟು ದೂರವೇಕೆ, ನಮ್ಮ ನಾಡಿನ ಕಡೆಗೇ ನೋಡೋಣ. 1925ರಲ್ಲಿ ಉಡುಪಿಯಲ್ಲಿ ಕೈಮಗ್ಗದ ನೇಕಾರರ ಕಷ್ಟ ನೋಡಿ ಹುಟ್ಟಿದ ಬ್ಯಾಂಕೊಂದು, ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿಕೊಂಡದ್ದು, 1928ರಲ್ಲಿ ಪಿಗ್ಮಿ ಠೇವಣಿ ಆರಂಭಿಸಿತು. ಬ್ಯಾಂಕಿನವನೇ ಮನೆ ಬಾಗಿಲಿಗೆ ಬಂದು ದಿನಕ್ಕೆ ಎರಡಾಣೆ ಎಣಿಸಿಕೊಂಡು ಹೋಗುತ್ತಿದ್ದ. ಕೊಟ್ಟವನಿಗೆ ತಾನು ಕೊಟ್ಟದ್ದೆಷ್ಟು ಎಂಬುದು ಗೊತ್ತಿರುತ್ತಿತ್ತು. 1969ರ ಜುಲೈ 19ರಂದು ಅದೂ ಸೇರಿ ಹದಿನಾಲ್ಕು ಬ್ಯಾಂಕುಗಳು ರಾಷ್ಟ್ರೀಕರಣಗೊಂಡವು. ಬ್ಯಾಂಕು ಜನರ ಸೊತ್ತು ಎಂಬ ಮಾತು ಅಂದು ಊರೂರಿನಲ್ಲಿ ಮೊಳಗಿತು. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಎಂಬ ಹೆಸರು ಕೆನರಾ ಬ್ಯಾಂಕಿನಲ್ಲಿ ಲೀನವಾಯಿತು. ಹೆಸರು ಹೋಗಲಿ, ಎರಡಾಣೆಯವನಿಗೂ ಲೆಕ್ಕ ಒಪ್ಪಿಸಬೇಕೆಂಬ ಆ ನಿಯತ್ತು ಏಕೆ ಹೋಗಬೇಕು?

ನಮ್ಮ ಬೇಡಿಕೆಗಳು ನಾಲ್ಕೇ. ಪರದೇಶದ ಸುಂಕವನ್ನು ಶೇಕಡಾದ ಒಗಟಿನಲ್ಲಿ ಬಚ್ಚಿಡದೆ, ಹಣ ಕಟ್ಟುವ ಮೊದಲೇ, ರೂಪಾಯಿ ಪೈಸೆಯಲ್ಲಿ ತೋರಿಸಬೇಕು ಮತ್ತು ಅದಕ್ಕೊಂದು ಮಿತಿ ಇರಬೇಕು. ಗಳಿಸಿದ ಪಾಯಿಂಟಿನ ಬೆಲೆಯನ್ನು ಹಿಂದಿನಿಂದ ಇಳಿಸುವುದೂ, ಬಿಡಿಸಿಕೊಳ್ಳಲು ಶುಲ್ಕ ಕೇಳುವುದೂ ನಿಲ್ಲಬೇಕು. ಸಣ್ಣ ಅಂಗಡಿಗೆ ಡೆಬಿಟ್ ಕಾರ್ಡಿನಂತೆ ಕ್ರೆಡಿಟ್ ಕಾರ್ಡಿಗೂ ಕಡಿತದ ಮಿತಿ ಬರಬೇಕು. ಷರತ್ತು ಮತ್ತು ಬಿಲ್ಲು ಕನ್ನಡದಲ್ಲಿ ಇರಲೇಬೇಕು. “ಮೇಲಾಗಿ” ಎಂಬುದು ಬೇಡ.

ಬೇಡಿಕೆ ಈಡೇರುವವರೆಗೆ ಕೈಕಟ್ಟಿ ಕೂರಬೇಕಾಗಿಲ್ಲ. ಪರದೇಶದಲ್ಲಿ ಯಂತ್ರ ಕೇಳಿದರೆ ಅಲ್ಲಿನ ನಾಣ್ಯವನ್ನೇ ಒತ್ತಿ. ಕಾರ್ಡಿನಿಂದ ನಗದು ತೆಗೆಯಬೇಡಿ. ಅದಕ್ಕೆ ಬೇರೆ ಶುಲ್ಕ, ತೆಗೆದ ದಿನದಿಂದಲೇ ಬಡ್ಡಿ. ಕನಿಷ್ಠ ಮೊತ್ತದ ಮಾತಿಗೆ ಮರುಳಾಗದೆ ಪೂರ್ತಿ ಬಾಕಿ ತೀರಿಸಿ. ರಿಜರ್ವ್ ಬ್ಯಾಂಕಿನ ನಿರ್ದೇಶನದ ಪ್ರಕಾರ ಶುಲ್ಕ ಬದಲಿಸುವ ಬ್ಯಾಂಕು ಒಂದು ತಿಂಗಳು ಮುಂಚೆ ತಿಳಿಸಬೇಕು; ಒಪ್ಪದವನು ಬಾಕಿ ತೀರಿಸಿ, ಹೆಚ್ಚಿನ ಶುಲ್ಕವಿಲ್ಲದೆ ಕಾರ್ಡು ಹಿಂದಿರುಗಿಸಬಹುದು. ದೂರು ಕೊಟ್ಟು 30 ದಿನವಾದರೂ ಬ್ಯಾಂಕು ಸರಿಯಾದ ಉತ್ತರ ಕೊಡದಿದ್ದರೆ ರಿಜರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ನರಿಗೆ ಬರೆಯಿರಿ, ಅದಕ್ಕೆ ಖರ್ಚಿಲ್ಲ.

ಆ ಬಟ್ಟೆ ವ್ಯಾಪಾರಿಯ ದೂರನ್ನು ನಾವೇ ಕುಳಿತು ಕನ್ನಡದಲ್ಲಿ ಬರೆದುಕೊಟ್ಟೆವು. ಬ್ಯಾಂಕಿನಿಂದ ಇಂಗ್ಲಿಷಿನಲ್ಲಿ ಉತ್ತರ ಬಂದಿದೆ: ಶುಲ್ಕ ಷರತ್ತಿಗೆ ಅನುಗುಣವಾಗಿದೆಯಂತೆ. ಅವರು ಸೋತು ಕೂತಿಲ್ಲ, ಮೇಲಿನವರಿಗೆ ಬರೆಯುತ್ತಿದ್ದಾರೆ. 2024ರ ಆರಂಭಕ್ಕೇ ಈ ದೇಶದಲ್ಲಿ ಕ್ರೆಡಿಟ್ ಕಾರ್ಡುಗಳ ಸಂಖ್ಯೆ 10 ಕೋಟಿ ದಾಟಿತ್ತು. ಒಬ್ಬನ ಎರಡು ಸಾವಿರ ಬ್ಯಾಂಕಿಗೆ ದೊಡ್ಡದಲ್ಲ. ಒಬ್ಬನ ದೂರೂ ದೊಡ್ಡದಲ್ಲ. ಆದ್ದರಿಂದ ಬಂಧುಗಳೇ, ಈ ತಿಂಗಳ ಬಿಲ್ಲು ಬಂದಾಗ ಮಡಿಸಿ ಗೂಡಿನಲ್ಲಿ ಇಡಬೇಡಿ. ನಮ್ಮ ಕಚೇರಿಗೆ ತನ್ನಿ. ಬೆಂಚು ಇದೆ, ಪೆನ್ಸಿಲು ಇದೆ; ಸಾಲು ಸಾಲಾಗಿ ಕೂತು ಓದೋಣ.