ಹೊಸದು ಬರಲಿ, ಹಳೆಯದನ್ನು ಕೇಳಿ ಬರಲಿ



ಏಳನೆಯ ಇಯತ್ತೆಗೆ ದಶಾಂಶ ಕಲಿಸುವಾಗ ನಾನು ಕರಿಹಲಗೆಯ ಮೇಲೆ 4.9 ಮತ್ತು 4.10 ಎಂದು ಬರೆದು, ‘ದೊಡ್ಡದು ಯಾವುದು?’ ಎಂದು ಕೇಳುತ್ತಿದ್ದೆ. ಒಂಬತ್ತಕ್ಕಿಂತ ಹತ್ತು ದೊಡ್ಡದೆಂದು 4.10ನ್ನು ಆರಿಸಿದವರ ಕಿವಿ ಹಿಂಡಿದ್ದೂ ಉಂಟು. ಆ ಕಿವಿಗಳ ಒಡೆಯರಲ್ಲಿ ಇಂದು ಅರ್ಧ ಕ್ಷಮೆಯನ್ನಾದರೂ ಕೇಳಬೇಕಾಗಿದೆ.

ನಿವೃತ್ತಿಯ ನಂತರ ಅಲಖನೂರಿನ ಮನೆಯಲ್ಲಿ ಕುಳಿತು ಗಣಕಯಂತ್ರದಲ್ಲಿ ಬರೆಯುವುದು ನನ್ನ ನಿತ್ಯದ ಕೆಲಸ. ನಾನು ಬಳಸುವ ತಂತ್ರಾಂಶವು ನಮ್ಮ ಸೀಮೆಯ ಮಾತುಗಳ ಕೆಳಗೆಲ್ಲ ಕೆಂಪು ಗೆರೆ ಎಳೆಯುತ್ತಿತ್ತು. ರಂಟಿ, ಕೂರಿಗಿ, ಮಿಣಿ, ಹಗೇವು ಇವೆಲ್ಲ ಅದರ ಪಾಲಿಗೆ ತಪ್ಪು. ನಾನೂ ಹಟ ಬಿಡದೆ ಒಂದೊಂದೇ ಪದವನ್ನು ಅದರ ಪದಪಟ್ಟಿಗೆ ಸೇರಿಸುತ್ತ ಹೋದೆ. ಕೆಲವು ವರ್ಷಗಳಲ್ಲಿ ಅದೊಂದು ಪುಟ್ಟ ನಿಘಂಟೇ ಆಯಿತು.

ಒಂದು ದಿನ ‘4.10 ಆವೃತ್ತಿ ಸಿದ್ಧವಿದೆ’ ಎಂಬ ಸೂಚನೆ ಬಂತು. ನನ್ನಲ್ಲಿದ್ದುದು 4.9. ಹಿಂದಿನದಕ್ಕೆ ಏಕೆ ಹೋಗಲಿ ಎಂದು ಸುಮ್ಮನಿದ್ದೆ. ಜಾತ್ರೆಗೆಂದು ಊರಿಗೆ ಬಂದ ಹಳೆಯ ವಿದ್ಯಾರ್ಥಿಯೊಬ್ಬ ಇದನ್ನು ಕೇಳಿ ನಕ್ಕ. “ಸರ್, ಅದು ದಶಾಂಶದ ಚುಕ್ಕಿ ಅಲ್ರಿ. ನಾಲ್ಕನೇ ಪಾಠದ ಹತ್ತನೇ ಲೆಕ್ಕ ಇದ್ದಂಗ್ರಿ,” ಎಂದ. ಚುಕ್ಕಿಯ ಎರಡೂ ಬದಿಗೆ ಇರುವುದು ಬೇರೆ ಬೇರೆ ಪೂರ್ಣಾಂಕಗಳು, ಆದ್ದರಿಂದ 4.10 ಮುಂದಿನದು. ಒಪ್ಪಿದೆ, ಹೊಸದನ್ನು ಹಾಕಿಕೊಂಡೆ. ಹೊಸದು ಬಂತು, ನನ್ನ ಪದಪಟ್ಟಿ ಹೋಯಿತು.

ಏಕೆ ಹೀಗಾಯಿತೆಂದು ಆತನೇ ಬಿಡಿಸಿ ಹೇಳಿದ. ಕಬ್ಬು ಬೆಳೆಯುವ ನಮ್ಮವರಿಗೆ ಅದನ್ನು ತಿಳಿಸುವುದು ಸುಲಭ. ಕಬ್ಬು ಕಡಿದ ಮೇಲೆ ಅದೇ ಬೇರಿನಿಂದ ಕೂಳೆ ಬೆಳೆ ಬಿಡಬಹುದು. ಇಲ್ಲವೆ ಬೇರು ಕಿತ್ತು ಹೊಸದಾಗಿ ನಾಟಿ ಮಾಡಬಹುದು. ವಿಂಡೋಸ್ ಇನ್‌ಸ್ಟಾಲರ್‌ನಲ್ಲಿಯೂ ಹಾಗೆಯೇ. ಸಣ್ಣ ಅಪ್‌ಗ್ರೇಡ್‌ನಲ್ಲಿ ತಂತ್ರಾಂಶದ ಪ್ರಾಡಕ್ಟ್ ಕೋಡ್ ಬದಲಾಗದೆ, ಬೇಕಾದ ಕಡತಗಳಷ್ಟೇ ಬದಲಾಗುತ್ತವೆ. ದೊಡ್ಡ ಅಪ್‌ಗ್ರೇಡ್‌ನಲ್ಲಿ ಪ್ರಾಡಕ್ಟ್ ಕೋಡ್ ಹೊಸದು. ಬದಲಾಗದ ಅಪ್‌ಗ್ರೇಡ್ ಕೋಡ್‌ನಿಂದ ಹಳೆಯದನ್ನು ಗುರುತಿಸಿ, ಅದನ್ನು ತೆಗೆದುಹಾಕಲಾಗುತ್ತದೆ. ಆವೃತ್ತಿ ಸಂಖ್ಯೆಯಿಲ್ಲದ ಕಡತವನ್ನು ಬಳಕೆದಾರ ತಿದ್ದಿದ್ದರೆ ಅದರ ಮೇಲೆ ಬರೆಯಬಾರದೆಂಬ ನಿಯಮ ಈ ವ್ಯವಸ್ಥೆಯಲ್ಲಿ ಉಂಟು. ಆದರೆ ಮೊದಲು ಹಳೆಯದನ್ನು ಕಿತ್ತು ಆಮೇಲೆ ಹೊಸದನ್ನು ನೆಡುವ ಕ್ರಮವನ್ನು ತಯಾರಕರು ಆರಿಸಿದ್ದರೆ ಆ ಕಾವಲು ನಿಷ್ಫಲ. ಕಡತವೇ ಉಳಿದಿರುವುದಿಲ್ಲ, ಇನ್ನು ಕಾಯುವುದೇನನ್ನು?

ನನ್ನ ಆಕ್ಷೇಪ ಇಲ್ಲಿದೆ. 4.9ರಿಂದ 4.10 ಎಂದರೆ ಸಣ್ಣ ಹೆಜ್ಜೆ ಎಂದು ಸಂಖ್ಯೆ ಹೇಳಿತು. ಒಳಗೆ ನಡೆದುದು ಬೇರು ಕೀಳುವ ಕೆಲಸ. ಆವೃತ್ತಿ ಸಂಖ್ಯೆ ಎಂಬುದು ತಯಾರಕನು ಬಳಕೆದಾರನಿಗೆ ಕೊಟ್ಟ ಮಾತು. ನಮ್ಮದೇನನ್ನಾದರೂ ಕಳೆಯುವ ಬದಲಾವಣೆಯಿದ್ದರೆ ಮೊದಲ ಅಂಕಿಯೇ ಬದಲಾಗಲಿ. ಒಂದು ಎಚ್ಚರಿಕೆಯ ಮಾತೂ ಜೊತೆಗಿರಲಿ. ನಾವು ಬರೆದುದನ್ನು ತಂತ್ರಾಂಶದ ಕೋಣೆಯಲ್ಲಿಡದೆ ನಮ್ಮ ಕೋಣೆಯಲ್ಲಿಯೇ ಇಡಲಿ. ಬಾಡಿಗೆದಾರ ಮನೆ ಬಿಡುವಾಗ ಒಡೆಯನ ಪಾತ್ರೆಗಳನ್ನು ಹೊತ್ತೊಯ್ಯುವುದುಂಟೆ?

‘ಪ್ರತಿಯನ್ನು ನೀವೇ ತೆಗೆದಿಡಬೇಕಿತ್ತು’ ಎನ್ನುವವರಿದ್ದಾರೆ. ನಿಜ, ಇನ್ನು ಮುಂದೆ ತೆಗೆದಿಡುತ್ತೇನೆ. ಆದರೆ ಆ ಪಟ್ಟಿ ಯಾವ ಕಡತದಲ್ಲಿ ಅಡಗಿದೆಯೆಂದು ನನಗೆ ಯಾರೂ ಹೇಳಿರಲಿಲ್ಲ. ಇದ್ದ ಸ್ಥಳವನ್ನೇ ಅರಿಯದವನು ಅದನ್ನು ಕಾಯುವುದು ಹೇಗೆ?

ಹಳೆಯದನ್ನು ಉಳಿಸಿಕೊಂಡು ಬೆಳೆಯುವುದು ಅಸಾಧ್ಯವೇನಲ್ಲ. ನಮ್ಮ ಕನ್ನಡ ಅಕ್ಷರಗಳೇ ಅದಕ್ಕೆ ಸಾಕ್ಷಿ. ಯೂನಿಕೋಡ್‌ನ 1991ರ ಮೊದಲ ಆವೃತ್ತಿಯಲ್ಲಿಯೇ ಕನ್ನಡವಿತ್ತು. 2003ರ 4.0 ಆವೃತ್ತಿಯಲ್ಲಿ ಕನ್ನಡಕ್ಕೆ ನುಕ್ತ ಮತ್ತು ಅವಗ್ರಹ ಚಿಹ್ನೆಗಳು ಸೇರಿದವು, 2022ರ 15.0ರಲ್ಲಿ ಇನ್ನೊಂದು ಚಿಹ್ನೆ ಸೇರಿತು. ಆದರೆ 2.0 ಆವೃತ್ತಿಯಿಂದೀಚೆಗೆ ಅಲ್ಲೊಂದು ವ್ರತವಿದೆ: ಒಮ್ಮೆ ಸ್ಥಾನ ಪಡೆದ ಅಕ್ಷರವನ್ನು ಕದಲಿಸುವುದಿಲ್ಲ, ತೆಗೆದುಹಾಕುವುದೂ ಇಲ್ಲ. ಆದ್ದರಿಂದಲೇ ಅಂದು ಯೂನಿಕೋಡ್‌ನಲ್ಲಿ ಬರೆದಿಟ್ಟ ‘ಅ’ ಇಂದೂ ‘ಅ’ ಆಗಿಯೇ ಇದೆ. ತಂತ್ರಾಂಶ ರಚಿಸುವ ನನ್ನ ಶಿಷ್ಯರು ಈ ವ್ರತವನ್ನು ಸ್ವಲ್ಪವಾದರೂ ಪಾಲಿಸಲಿ ಎಂಬುದು ನನ್ನ ಬೇಡಿಕೆ.

ಪದಪಟ್ಟಿಯನ್ನು ಮತ್ತೆ ಮೊದಲಿನಿಂದ ಕೂಡಿಸುತ್ತಿದ್ದೇನೆ. ಈ ಸಲ ಒಂದು ಪ್ರತಿ ನೋಟುಬುಕ್ಕಿನಲ್ಲಿಯೂ ಇದೆ. ಕೆಲವು ಪದಗಳು ನೆನಪಿಗೆ ಬರುತ್ತಿಲ್ಲ. ಅವನ್ನು ಹೇಳಿಕೊಟ್ಟ ಹಿರಿಯರಲ್ಲಿ ಹಲವರು ಈಗಿಲ್ಲ. ನಿಮ್ಮ ಮನೆಯ ಅಜ್ಜ ಅಜ್ಜಿಯರನ್ನು ಕೇಳಿ, ಹೊಲದ, ಒಲೆಯ, ಕಣದ ನಾಲ್ಕು ಮಾತುಗಳನ್ನು ನನಗೆ ಬರೆದು ಕಳಿಸಿರಿ. ಆ ಹಳೆಯ ಆವೃತ್ತಿಗಳಿಗೆ ಅಪ್‌ಗ್ರೇಡ್ ಇಲ್ಲ.